ಪಕ್ಕದ ಮನೆಯ ಜೀನ್ಸ್ ಮಷಿನ್ ಮೇಲೆ ಹೊರಿಸಿದ ಅಪವಾದ

ನಮ್ಮ ಪಕ್ಕದ ಮನೆಯಲ್ಲಿ ಜೀನ್ಸ್ ಹೊಲಿಯುತ್ತಾರೆ. ಬಳ್ಳಾರಿಯಲ್ಲಿ ಇದೇನೂ ಹೊಸದಲ್ಲ. ಹಾಗಾಗಿ ನನ್ನ ಶಾರ್ಟ್‌ವೇವ್ ರೇಡಿಯೋದಲ್ಲಿ ಗುರ್ರ್ ಅನ್ನೋ ಸದ್ದು ಶುರುವಾದಾಗ, ಕಳ್ಳ ಯಾರು ಅಂತ ಹುಡುಕೋಕೆ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೆ.

ನನ್ನದು ಟೆಕ್ಸನ್ ಪಿಎಲ್-660 ಸೆಟ್ಟು. ರಾತ್ರಿ ಊಟ ಆದ ಮೇಲೆ 31 ಮೀಟರ್ ಬ್ಯಾಂಡಿನಲ್ಲಿ, ಅಂದರೆ 9,400ರಿಂದ 9,900 ಕಿಲೋಹರ್ಟ್ಸ್ ನಡುವೆ, ಒಂದು ಸುತ್ತು ಹಾಕೋದು ರೂಢಿ. ದೂರದ ಸ್ಟೇಷನ್‌ಗಳು ತೇಲಿ ಬರುತ್ತಿದ್ದ ಜಾಗದಲ್ಲಿ ಈಗ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಗುಂಯ್‌ಗುಟ್ಟುವುದು. ಡಯಲ್ ತಿರುಗಿಸಿದರೆ 60-70 ಕಿಲೋಹರ್ಟ್ಸ್‌ಗೊಮ್ಮೆ ಸದ್ದು ಉಬ್ಬುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಅದರ ಅರ್ಥ ಆಗಲೇ ಹೊಳೆದಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು.

ಪರೀಕ್ಷೆ ಮಾಡಲಿಲ್ಲ ಅಂತಲ್ಲ. ಅಡಾಪ್ಟರ್ ಕಿತ್ತು ನಾಲ್ಕು ಪೆನ್ಸಿಲ್ ಸೆಲ್ ಹಾಕಿದೆ. ಸದ್ದು ಹಾಗೇ ಇತ್ತು. ಮೇನ್ ಸ್ವಿಚ್ ಇಳಿಸಿದೆ. ಆಗಲೂ ಹಾಗೇ ಇತ್ತು. ಸರಿ, ಸದ್ದು ಹೊರಗಿನದೇ ಅಂದುಕೊಂಡೆ. ಪಕ್ಕದ ಮನೆಗೆ ಹೋಗಿ ಹೇಳಿಯೂ ಬಂದೆ. ಪಾಪ, "ರಾತ್ರಿ ಒಂಬತ್ತಕ್ಕೇ ಮಷಿನ್ ಬಂದ್ ಮಾಡ್ತೀವಿ ಬಿಡ್ರಿ ಅಣ್ಣಾ" ಅಂದರು.

ಆಯುಧ ಪೂಜೆ ದಿನ ಅವರ ಮಷಿನ್‌ಗಳೆಲ್ಲ ಕುಂಕುಮ ಹಚ್ಚಿಸಿಕೊಂಡು, ಹೂವಿನ ಹಾರ ಹಾಕಿಸಿಕೊಂಡು ಸುಮ್ನೆ ಕೂತಿದ್ದವು. ನಮ್ಮ ರೇಡಿಯೋ ಮಾತ್ರ ಗುರ್ರ್ ಅಂತಲೇ ಇತ್ತು. ನನಗೆ ನಾಚಿಕೆಯಾಯಿತು.

ಮತ್ತೆ ಮೇನ್ ಇಳಿಸಿದೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಲೇ ಇದೆ! ಮೇನ್ ಇಳಿಸಿದ ಕ್ಷಣವೇ ಇನ್ವರ್ಟರ್ ಎದ್ದು ಲೈಟು, ಫ್ಯಾನು, ವೈಫೈ ಎಲ್ಲವನ್ನೂ ನಡೆಸುತ್ತಿತ್ತು. ಮನೆ ಕತ್ತಲಾಗಲೇ ಇಲ್ಲ ಅಂತ ಮೊದಲ ಸಲವೇ ಗಮನಿಸದ ನನಗೆ ಏನನ್ನಬೇಕು? ಮುಂಭಾಗದ ಬಟನ್ ಒತ್ತಿ ಇನ್ವರ್ಟರನ್ನೂ ಆಫ್ ಮಾಡಿದೆ. ಮನೆ ಗವ್ವೆಂದಿತು, ಸದ್ದು ನಿಂತೇ ಹೋಯಿತು. ಆ ಕತ್ತಲಲ್ಲೇ ಯಾವುದೋ ಸ್ಟೇಷನ್ನಿನ ಸಂಗೀತ ತಿಳಿಯಾಗಿ ಬಂತು.

ಆಮೇಲಿನದು ಸುಲಭ. ಎಂಸಿಬಿಗಳನ್ನೆಲ್ಲ, ಅಂದರೆ ಮನೆಯ ಒಂದೊಂದು ಭಾಗದ ಕರೆಂಟಿಗೆ ಇರುವ ಪುಟ್ಟ ಸ್ವಿಚ್‌ಗಳನ್ನು, ಇಳಿಸಿ ಮೇನ್ ಏರಿಸಿದೆ. ಆಮೇಲೆ ಒಂದೊಂದಾಗಿ ಹಾಕುತ್ತಾ ಬಂದೆ. ಮೂರನೆಯದಕ್ಕೆ ಗುರ್ರ್ ವಾಪಸ್ ಬಂತು. ಅದರಲ್ಲಿ ಹಾಲ್ ಮತ್ತು ದೇವರ ಮನೆ ಇವೆ. ರೇಡಿಯೋದ ಏರಿಯಲ್ ಕಡ್ಡಿ ಪೂರ್ತಿ ಒಳಗೆ ತಳ್ಳಿ, ಸೆಟ್ಟನ್ನು ಕೈಯಲ್ಲಿ ಹಿಡಿದು ಗೋಡೆ ಗೋಡೆ ಸುತ್ತಿದೆ. ಕಡ್ಡಿ ಗಿಡ್ಡವಾದರೆ ಹತ್ತಿರದ ಸದ್ದು ಮಾತ್ರ ಕೇಳುತ್ತದೆ, ಮೂಸಿ ನೋಡಿದ ಹಾಗೆ. ದೇವರ ಮನೆ ಬಾಗಿಲಲ್ಲಿ ಸದ್ದು ಕಿವಿ ಕಚ್ಚುವಷ್ಟಾಯಿತು. ಹಗಲೂ ರಾತ್ರಿ ಉರಿಯುವ ಪುಟ್ಟ ಕೆಂಪು ಎಲ್‌ಇಡಿ ಬಲ್ಬು, ಜಾತ್ರೆಯಲ್ಲಿ ಅಗ್ಗಕ್ಕೆ ತಂದದ್ದು. "ದೇವರ ದೀಪಾನೂ ಆರಿಸ್ತೀರೇನ್ರೀ?" ಅಂತ ಹೆಂಡತಿ ಕೇಳುವಷ್ಟರಲ್ಲಿ ಬಲ್ಬು ಕೈಯಲ್ಲಿತ್ತು.

ಇಂಥ ಎಷ್ಟೋ ಬಲ್ಬುಗಳ ಒಳಗಿನ ಸರ್ಕ್ಯೂಟು ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸುತ್ತದೆ. ನಮ್ಮದು 60-70 ಸಾವಿರ ಸಲ ಅಂತ ಡಯಲ್ಲಿನ ಉಬ್ಬುಗಳೇ ಹೇಳುತ್ತಿದ್ದವು. ಅದರ ಎರಡರಷ್ಟು, ಮೂರರಷ್ಟು, ಹೀಗೆ ಹುಟ್ಟುವ ಮರಿಗಳು (ಹಾರ್ಮೋನಿಕ್‌ಗಳು) ಶಾರ್ಟ್‌ವೇವ್ ತನಕ ಹೋಗುತ್ತವೆ, ಮನೆಯ ವೈರಿಂಗೇ ಅವಕ್ಕೆ ಏರಿಯಲ್. ಒಳ್ಳೆಯ ಬಲ್ಬಿನಲ್ಲಿ ಇದನ್ನು ತಡೆಯೋಕೆ ಸಣ್ಣ ಕಾಯಿಲ್, ಕೆಪಾಸಿಟರ್ ಇರುತ್ತವೆ. ಅಗ್ಗದ್ದರಲ್ಲಿ ದುಡ್ಡು ಉಳಿಸೋಕೆ ಮೊದಲು ಬಿಟ್ಟುಬಿಡೋದೇ ಅವನ್ನು.

ಬಲ್ಬು ತೆಗೆದರೂ ಒಂದು ಸಣ್ಣ ಗುಂಯ್ ಉಳಿದಿತ್ತು. ಅದು ವೈಫೈ ಅಡಾಪ್ಟರಿನದು. ಅದನ್ನು ತೆಗೆದರೆ ಮಗಳು ಬಿಡುತ್ತಾಳಾ? ಒಂದು ಫೆರೈಟ್ ಕ್ಲಿಪ್ (ಇಂಥ ಸದ್ದು ತಡೆಯೋಕೆ ವೈರಿಗೆ ಹಾಕುವ ಕಾಂತೀಯ ತುಂಡು) ತಂದು, ಅಡಾಪ್ಟರಿನ ಸಣ್ಣ ವೈರನ್ನು ಅದರೊಳಗೆ ಐದು ಸುತ್ತು ಸುತ್ತಿದೆ. ಸುಮ್ನೆ ಒಂದೇ ಸಲ ಹಾಯಿಸಿದರೆ ಉಪಯೋಗ ಅಷ್ಟಕ್ಕಷ್ಟೆ. ಸುತ್ತು ಎರಡರಷ್ಟಾದರೆ ತಡೆ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಗುಂಯ್ ಪೂರ್ತಿ ಹೋಗಲಿಲ್ಲ, ಆದರೆ ಮಾತು ಕೇಳುವಷ್ಟು ತಗ್ಗಿತು. ಮಾಳಿಗೆಯ ಏರಿಯಲ್ ತಂತಿ ಮೆಟ್ಟಿಲ ಲೈಟಿನ ವೈರ್ ಪಕ್ಕದಲ್ಲೇ ಹಾದಿತ್ತು. ಅದನ್ನು ಹಿತ್ತಲಿನ ಬೇವಿನ ಮರದ ಕಡೆ ಎಳೆದ ಮೇಲೆ ಇನ್ನೂ ಹಗುರಾಯಿತು.

ಪಕ್ಕದ ಮನೆಗೆ ಹೋಗಿ ತಪ್ಪು ನಮ್ಮದೇ ಅಂತ ಹೇಳಿದೆ. ನಕ್ಕು ಚಹಾ ಕೊಟ್ಟರು. ಈಗ ಅವರ ಮಷಿನ್ ರಾತ್ರಿ ಹತ್ತೂವರೆ ತನಕ ನಡೆಯುತ್ತದೆ. ಮನೆಯೊಳಗಿನ ಗಲಾಟೆ ನಿಂತ ಮೇಲೆ ಹಗಲು ಹೊತ್ತಿನಲ್ಲಿ 19 ಮೀಟರ್ ಬ್ಯಾಂಡ್ ಹಾಕಿದರೆ, ಅವರು ಪೆಡಲ್ ಒತ್ತಿದಾಗಲೆಲ್ಲ ಟ್ರ್ರ್ ಅಂತ ಸಣ್ಣ ಸದ್ದು ನಿಜವಾಗಿಯೂ ಕೇಳುತ್ತದೆ. ಅದನ್ನು ಅವರಿಗೆ ಇನ್ನೂ ಹೇಳಿಲ್ಲ.