ಕನೆ ಹಲಗೆಯಲ್ಲಿ ನೀರು ಹಾಯಿಸಿದ ಬಗೆ: ನನ್ನ ಅನುಭವ

ಕಂಬಳದ ಕನೆ ಹಲಗೆ ಓಟದಲ್ಲಿ ಕೋಣಗಳು ಎಳೆಯುವ ತೂತಿನ ಹಲಗೆಯನ್ನು ಒಬ್ಬ ಮೆಟ್ಟಿ ನಿಲ್ಲುತ್ತಾನೆ; ಚಿಮ್ಮುವ ನೀರು ಕರೆಯ, ಅಂದರೆ ಓಟದ ಕೆಸರುಗದ್ದೆಯ, ಮೇಲೆ ಎತ್ತರದಲ್ಲಿ ಕಟ್ಟಿದ ಬಟ್ಟೆಯ ನಿಶಾನೆಯನ್ನು ನೆನೆಸಬೇಕು. ಹೀಗೆ ನಿಶಾನೆಗೆ ನೀರು ಹಾಯುವುದು ಕೋಣಗಳ ಗುಣದಿಂದಲೇ ಹೊರತು ಮೆಟ್ಟುವವನ ಕಾಲಿನಿಂದಲ್ಲ ಎಂಬ ಮಾತನ್ನು ಕಂಬಳದ ಕರೆಗೆ ಇಳಿದ ದಿನದಿಂದಲೂ ಕೇಳುತ್ತ ಬಂದಿದ್ದೇನೆ. “ನೀರು ಹಾಯಿಸುವುದು ಕೋಣ, ನೀನಲ್ಲ ಮಾರಾಯ” ಎಂದು ಹಿರಿಯ ಓಟಗಾರರೊಬ್ಬರು ಓಟ ಮುಗಿಯುವ ಮಂಜೊಟ್ಟಿಯಲ್ಲಿ ಎಲ್ಲರ ಎದುರು ಹೇಳಿದ್ದರು. ಈಚಿನ ಋತುಗಳಲ್ಲಿ ಬೇರೆ ಬೇರೆ ಯಜಮಾನರ ಕೋಣದ ಜೋಡಿಗಳ ಹಿಂದೆ ನಿಂತು 6.5 ಕೋಲಿನ (ಕೋಲು ಎಂದರೆ ಕಂಬಳದಲ್ಲಿ ಎತ್ತರದ ಅಳತೆ) ನಿಶಾನೆಯನ್ನು ನೆನೆಸಿದ್ದೇನೆ. ಅವುಗಳಲ್ಲಿ ಕೆಲವು ಅದುವರೆಗೆ ಆ ಎತ್ತರವನ್ನು ಮುಟ್ಟಿದ ಜೋಡಿಗಳಲ್ಲ. ಹಾಗಾಗಿ ಕಾಲಿಗೂ ಇದರಲ್ಲಿ ಪಾಲಿದೆ ಎಂದು ಧೈರ್ಯದಿಂದ ಬರೆಯುತ್ತಿದ್ದೇನೆ.

2016ರ ನವೆಂಬರಿನಲ್ಲಿ ಹೈಕೋರ್ಟಿನ ತಡೆಯಾಜ್ಞೆಯಿಂದ ಕಂಬಳಗಳು ನಿಂತಾಗ ನಮ್ಮಂಥವರಿಗೆ ಆ ಋತುವಿನ ಸಂಪಾದನೆಯೇ ಇಲ್ಲವಾಯಿತು, ಆದರೆ ಯೋಚಿಸಲು ಸಮಯ ಧಾರಾಳವಾಗಿ ಸಿಕ್ಕಿತು. ಕೋಣಗಳಿಲ್ಲದೆ ಹಲಗೆಯ ಅಭ್ಯಾಸ ಮಾಡಲು ಸಾಧ್ಯವೇ ಎಂದು ನೋಡುವುದಕ್ಕಾಗಿ ನೀರು ನಿಲ್ಲಿಸಿದ ಗದ್ದೆಯಲ್ಲಿ ಪವರ್ ಟಿಲ್ಲರಿಗೆ ಹಲಗೆ ಕಟ್ಟಿ ನಿಂತೆ. ಅದರ ವೇಗಕ್ಕೆ ನೀರು ಮೊಣಕಾಲಿನವರೆಗೂ ಏಳಲಿಲ್ಲ. ಬಳಿಕ ಗದ್ದೆಯ ಪಕ್ಕದ ಮಣ್ಣಿನ ರಸ್ತೆಯಲ್ಲಿ ಜೀಪು ಓಡಿಸಿ, ಉದ್ದದ ಹಗ್ಗದಿಂದ ಹಲಗೆಯನ್ನು ಎಳೆಸಿದೆ. ಜೀಪಿನ ಬಾಡಿಗೆ, ಡೀಸೆಲ್, ಪಂಪಿನ ಖರ್ಚು ಎಲ್ಲ ಸೇರಿ ದಿನಕ್ಕೆ ಸುಮಾರು ಎರಡು ಸಾವಿರ ರೂಪಾಯಿ ಹೋಗುತ್ತಿತ್ತು. ವೇಗವೇನೋ ಸಿಕ್ಕಿತು, ನೀರು ಮಾತ್ರ ಮೇಲೇಳದೆ ಎರಡೂ ಬದಿಗೆ ಹರಡಿಹೋಗುತ್ತಿತ್ತು. ಕಾರಣ ಹೊಳೆಯಲು ಬಹಳ ಕಾಲ ಹಿಡಿಯಿತು. ಜೀಪು ಒಂದೇ ಸಮನೆ ಎಳೆಯುತ್ತದೆ, ಕೋಣಗಳು ಹಾಗೆ ಎಳೆಯುವುದಿಲ್ಲ. ಅವುಗಳ ಹಿಂಗಾಲು ಕೆಸರನ್ನು ಒದ್ದಾಗ ಒಮ್ಮೆ ಜಗ್ಗಿ, ಮುಂದಿನ ಹೆಜ್ಜೆಯವರೆಗೆ ಹಲಗೆ ಸ್ವಲ್ಪ ಸಡಿಲವಾಗುತ್ತದೆ. ಆ ಜಗ್ಗುವಿಕೆಯೊಂದಿಗೆ ಕಾಲು ಕೂಡಿದರೆ ಹಲಗೆಯ ತೂತುಗಳಿಂದ ನೀರು ನೆಟ್ಟಗೆ ಚಿಮ್ಮುತ್ತದೆ, ತಪ್ಪಿದರೆ ಚದರುತ್ತದೆ.

2017ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ ಕಂಬಳ ಮತ್ತೆ ಶುರುವಾದ ಮೇಲೆ ಅಭ್ಯಾಸಕ್ಕಾಗಿ ನಡೆಯುವ ಕುದಿ ಕಂಬಳಗಳಲ್ಲಿ ಇದನ್ನೇ ಪರೀಕ್ಷಿಸತೊಡಗಿದೆ. ಆದರೆ ಕುದಿಯಲ್ಲಿ ಒಂದು ಓಟ ಸಿಗುವುದೇ ಕಷ್ಟವಾಗಿತ್ತು. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿ ದೇಶದಾದ್ಯಂತ ಹೆಸರಾದ ನಂತರವಂತೂ ಹೊಸ ಹುಡುಗರೆಲ್ಲ ಕೋಣಗಳ ಹಿಂದೆ ಓಡಿ ಸಮಯದಲ್ಲಿ ಗೆಲ್ಲುವ ಹಗ್ಗ, ನೇಗಿಲು ವಿಭಾಗಗಳ ಕಡೆಗೇ ವಾಲಿದರು. ಅವರ ಸಾಧನೆಯ ಮೇಲೆ ನನಗೆ ಅಪಾರ ಗೌರವವಿದೆ. ಆದರೂ ಸಮಯವನ್ನು ಗೆಲ್ಲುವ ಓಟಕ್ಕೂ ಎತ್ತರವನ್ನು ಗೆಲ್ಲುವ ಓಟಕ್ಕೂ ಬೇಕಾದ ದೇಹ ಬೇರೆ, ಅಭ್ಯಾಸ ಬೇರೆ ಎಂಬುದನ್ನು ಯಜಮಾನರಿಗೆ ಮನವರಿಕೆ ಮಾಡಿಕೊಡಲು ನಾನು ಮನೆ ಮನೆ ಅಲೆಯಬೇಕಾಯಿತು.

ಈಗ ನಾನು ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ಓಟ ಶುರುವಾಗುವ ಗಂತಿನಿಂದ ಹೊರಟಾಗ ಭಾರವನ್ನು ಬೆರಳುಗಳ ಬುಡದಲ್ಲಿಟ್ಟು ಹಲಗೆಯನ್ನು ಹಗುರವಾಗಿ ತೇಲಿಸುತ್ತೇನೆ. ಇದರಿಂದ ಕೋಣಗಳಿಗೆ ಎಳೆತದ ಭಾರ ತಗಲದೆ ವೇಗ ಕೂಡುತ್ತದೆ. ನಿಶಾನೆ ಹತ್ತಿರವಾದಾಗ ಸೊಂಟವನ್ನು ತುಸು ತಗ್ಗಿಸಿ, ಎರಡು ಮೂರು ಹೆಜ್ಜೆಗಳ ಅವಧಿಯಲ್ಲಿ ಭಾರವನ್ನು ಹಿಮ್ಮಡಿಗೆ ಇಳಿಸುತ್ತೇನೆ. ಒಮ್ಮೆಲೇ ಒತ್ತಿದರೆ ಹಲಗೆಯ ಹಿಂಭಾಗ ಕೆಸರನ್ನು ಕಚ್ಚಿ ಜೋಡಿಯ ಓಟವೇ ಮುರಿಯುತ್ತದೆ. ಒತ್ತಲು ತೊಡಗುವ ಜಾಗವನ್ನು ನಾನು ಕಣ್ಣಿನಿಂದ ಗುರುತಿಸುವುದಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಮುಖವೆಲ್ಲ ಕೆಸರಾಗಿರುತ್ತದೆ. ಯಾವುದರಿಂದ ಗುರುತಿಸುತ್ತೇನೆ ಎಂಬುದು ನನ್ನ ಅನ್ನದ ಪ್ರಶ್ನೆಯಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಲಾರಿಯ ಟ್ಯೂಬಿನ ಮೇಲೆ ಮರದ ತುಂಡಿಟ್ಟು ಒಂಟಿ ಕಾಲಿನಲ್ಲಿ ನಿಲ್ಲುವುದನ್ನು ಮಾತ್ರ ಯಾರು ಬೇಕಾದರೂ ಮಾಡಬಹುದು. ದಿನಕ್ಕೆ ಇಪ್ಪತ್ತು ನಿಮಿಷದಂತೆ ಮಾಡಿದರೆ ಮೂರು ನಾಲ್ಕು ತಿಂಗಳಲ್ಲಿ ಕಣಕಾಲು ತಾನಾಗಿ ಕಲಿಯುತ್ತದೆ.

ಹಲಗೆಯ ವಿಷಯದಲ್ಲೂ ಕೈಸುಟ್ಟುಕೊಂಡಿದ್ದೇನೆ. ಕಾಲು ಜಾರದಿರಲೆಂದು ತೆಂಗಿನ ನಾರಿನ ಹಗ್ಗ ಸುತ್ತಿ ನೋಡಿದೆ. ಅದು ನೀರು ಕುಡಿದು ಭಾರವಾಯಿತಲ್ಲದೆ ಕೆಸರು ಹಿಡಿದು ಇನ್ನಷ್ಟು ಜಾರಿತು. ತೂತುಗಳ ಓರೆಯನ್ನು ಬದಲಿಸಿ ಆಚಾರಿಯವರಿಂದ ಹಲಸಿನ ಮರದಲ್ಲಿ ಹಲಗೆಗಳನ್ನು ಮಾಡಿಸಿದೆ, ಒಂದೊಂದಕ್ಕೆ ನಾಲ್ಕೈದು ಸಾವಿರ ಬಿದ್ದಿರಬೇಕು. ಹೆಚ್ಚಿನವು ಈಗ ಕೊಟ್ಟಿಗೆಯ ಅಟ್ಟದಲ್ಲಿವೆ. ಜೀಪಿನ ಬಾಡಿಗೆಯನ್ನೂ ಸೇರಿಸಿದರೆ ಎಪ್ಪತ್ತು ಸಾವಿರದ ಹತ್ತಿರ ನನ್ನ ಕೈಯಿಂದಲೇ ಹೋಗಿದೆ. ಗೆದ್ದ ಚಿನ್ನ ಯಜಮಾನರಿಗೆ ಸಲ್ಲುತ್ತದೆ, ಅದು ನ್ಯಾಯವೂ ಹೌದು. ವರ್ಷವಿಡೀ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿಸಿ, ಆಳುಗಳನ್ನಿಟ್ಟು ಜೋಡಿಯನ್ನು ಸಾಕುವ ಖರ್ಚಿನ ಮುಂದೆ ಎರಡು ಪವನು ಚಿನ್ನ ಏನೂ ಅಲ್ಲ. ಮೆಟ್ಟಿದವನಿಗೆ ಸಿಗುವುದು ಅವರು ಸಂತೋಷದಿಂದ ಕೊಡುವ ಹಣ. ನನ್ನ ಖರ್ಚು ಅದರಿಂದ ಹೆಚ್ಚುಕಡಿಮೆ ಮರಳಿ ಬಂದದ್ದು ಕಳೆದ ಋತುವಿನಲ್ಲಷ್ಟೆ.

7.5 ಕೋಲಿಗೆ ನನ್ನ ನೀರು ಇನ್ನೂ ಮುಟ್ಟಿಲ್ಲ. ಹಿಮ್ಮಡಿಯ ಭಾರವನ್ನು ಇನ್ನೂ ಒಂದು ಹೆಜ್ಜೆ ತಡವಾಗಿ ಇಳಿಸಿ ನೋಡಬೇಕೆಂದಿದ್ದೇನೆ. ಇದೇ ಕ್ರಮವನ್ನು ಅಡ್ಡಕ್ಕೆ ಕಟ್ಟಿದ ಹಲಗೆಯ ಮೇಲೆ ನಿಂತು ಓಡಿಸುವ ಅಡ್ಡ ಹಲಗೆ ವಿಭಾಗದಲ್ಲಿಯೂ ಪ್ರಯತ್ನಿಸಿದಾಗ ಜೋಡಿ ಸೋತಿತು, ಏಕೆಂದರೆ ಅಲ್ಲಿ ಲೆಕ್ಕಕ್ಕೆ ಬರುವುದು ವೇಗ ಮಾತ್ರ, ಹಿಮ್ಮಡಿ ತಗ್ಗಿದಷ್ಟೂ ಸಮಯ ಹೋಗುತ್ತದೆ. ಅಡ್ಡ ಹಲಗೆ ಮೆಟ್ಟುವವರು ಇದನ್ನು ಅನುಸರಿಸಬಾರದು.