ಚಿತ್ರದೊಳಗೆ ಅಕ್ಷರ ಕೂರಿಸುವುದು ಹೇಗೆ?

ಮಳೆ ಹಿಡಿದ ಮೇಲೆ ಕಾರವಾರದ ಬೈತಖೋಲ ಬಂದರಿಗೆ ಹೋಗಿ, ಸಾಲಾಗಿ ಕಟ್ಟಿಹಾಕಿದ ಬೋಟುಗಳಲ್ಲಿ ಒಂದರ ಚಿತ್ರ ಬಿಡಿಸಿ. ಕೆಳಗೆ ‘ಬೋಟು’ ಅಂತ ಬರೆಯಿರಿ. ಏನೂ ಆಗಲಿಲ್ಲ ಅಲ್ವಾ? ಕಣ್ಣಿಗೆ ಕಂಡದ್ದನ್ನೇ ಅಕ್ಷರ ಮತ್ತೆ ಹೇಳಿತು, ಅಷ್ಟೇ.

ಅದನ್ನು ಅಳಿಸಿ ‘ಆಗಸ್ಟ್ 1’ ಅಂತ ಬರೆದು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಮೀನು ಹಿಡಿಯಲು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಆ ತಾರೀಕು ನೋಡಿದ ಕೂಡಲೇ ನಮ್ಮ ಕರಾವಳಿಯವರಿಗೆ ಸುಮ್ನೆ ನಿಂತ ಬೋಟೂ ಕಾಣುತ್ತದೆ, ಕೈಯಲ್ಲಿ ಕಾಸಿಲ್ಲದ ಎರಡು ತಿಂಗಳೂ ಕಾಣುತ್ತದೆ, ಮತ್ತೆ ಬಲೆ ಹೊರುವ ಬೆಳಗೂ ಕಾಣುತ್ತದೆ. ಈಗ ‘ಮಾರಾಟಕ್ಕಿದೆ’ ಅಂತ ಬರೆಯಿರಿ. ಹೊಟ್ಟೆಯಲ್ಲಿ ಏನೋ ಕಲಕುತ್ತದೆ. ಬೋಟಿನ ಒಂದು ಗೆರೆಯನ್ನೂ ನೀವು ಮುಟ್ಟಿಲ್ಲ!

ಬೆಲ್ಜಿಯಂನ ಚಿತ್ರಕಾರ ರೆನೆ ಮಾಗ್ರಿಟ್ 1929ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಹೊಗೆ ಸೇದುವ ಪೈಪ್ ಬಿಡಿಸಿ, ಕೆಳಗೆ ಫ್ರೆಂಚಿನಲ್ಲಿ ‘ಇದು ಪೈಪ್ ಅಲ್ಲ’ ಅಂತ ಬರೆದ. ನಿಜ ತಾನೇ, ಅದಕ್ಕೆ ತಂಬಾಕು ತುಂಬಲು ಬರುವುದಿಲ್ಲ.

ಇನ್ನು ಕೈಕೆಲಸ. ಚಿತ್ರ ಮುಗಿಸಿ ಉಳಿದ ಮೂಲೆಯಲ್ಲಿ ಅಕ್ಷರ ತುರುಕಬೇಡಿ. ನಾನು ಹಾಗೆ ಮಾಡಿ, ಬೋಟಿನ ಹೆಸರು ‘ಲಕ್ಷ್ಮೀ’ ಬರೆಯುವಾಗ ಒತ್ತಕ್ಷರ ಕೆಳಗೆ ಇಳಿದು ನೀರಿನ ಗೆರೆಗೆ ತಾಗಿ, ಇಡೀ ಹಾಳೆ ಹಾಳಾಯಿತು. ಕನ್ನಡಕ್ಕೆ ಕೆಳಗೆ ಜಾಸ್ತಿ ಜಾಗ ಬೇಕು. ಪೆನ್ಸಿಲ್ಲಿನಲ್ಲಿ ಮೊದಲ ಗೆರೆ ಎಳೆಯುವಾಗಲೇ ಅಕ್ಷರವನ್ನೂ ಒಂದು ಆಕಾರ ಅಂತ ತಿಳಿದು ಬಿಡಿಸಿಕೊಳ್ಳಿ.

ಚಿತ್ರ, ಅಕ್ಷರ ಎರಡಕ್ಕೂ ಬಣ್ಣ, ಬ್ರಶ್ಶು ಒಂದೇ ಇರಲಿ. ಶಿರಸಿ ಮಾರಿಕಾಂಬಾ ಗುಡಿಯ ಕಾವಿ ಕಲೆ ನೋಡಿದ್ದೀರಲ್ಲ? ಗಾರೆ ಹಸಿ ಇರುವಾಗಲೇ ಮೇಲಿನ ಕೆಂಪನ್ನು ಕೆರೆದು ಒಳಗಿನ ಬಿಳಿ ತೋರಿಸುತ್ತಾರೆ. ಎರಡೇ ಬಣ್ಣ, ಆದರೂ ಬಳ್ಳಿ, ದೇವರು, ಅಂಚು ಎಲ್ಲ ಒಂದೇ ಕೈಯಿಂದ ಬಂದಂತೆ ಕಾಣುತ್ತದೆ. ಕೈಯಲ್ಲಿ ಬರೆದ ಚಿತ್ರದ ಮೇಲೆ ಮೊಬೈಲಿನ ಫಾಂಟ್ ಅಂಟಿಸಿದರೆ ಆ ಒಗ್ಗಟ್ಟು ಹೋಗುತ್ತದೆ, ದಯವಿಟ್ಟು ಬೇಡ.

ಮುಗಿದ ಮೇಲೆ ಅಕ್ಷರವನ್ನು ಅಂಗೈಯಿಂದ ಮುಚ್ಚಿ ಮನೆಯವರಿಗೆ ತೋರಿಸಿ, ಏನನಿಸಿತು ಅಂತ ಕೇಳಿ. ಕೈ ತೆಗೆದು ಮತ್ತೆ ಕೇಳಿ. ಎರಡು ಸಲವೂ ಒಂದೇ ಉತ್ತರ ಬಂದರೆ ಬೇರೆ ಮಾತು ಹುಡುಕಿ.