ರಾಯಚೂರು ಸೀಮೆಯ ಹಳ್ಳಿಯಲ್ಲಿ ಬಿಪಿ, ಶುಗರ್ ತಪಾಸಣೆ ನಡೆಸುವ ಬಗೆ

ಊರಲ್ಲಿ ಶಾಮಿಯಾನ ಹಾಕಿ ಒಂದೇ ದಿನ ಮುನ್ನೂರು ಜನರ ಬಿಪಿ ನೋಡಿ ಕಳಿಸುವ ಕ್ಯಾಂಪುಗಳು ಬಹಳ ನಡೆಯುತ್ತವೆ. ತಿಂಗಳು ಕಳೆದ ಮೇಲೆ ಅವರಲ್ಲಿ ಗುಳಿಗೆ ನುಂಗುತ್ತಿರುವವರು ಎಷ್ಟು ಎಂದು ಕೇಳಿದರೆ ಹೇಳಲು ಯಾರ ಹತ್ತಿರವೂ ಪಟ್ಟಿ ಇರುವುದಿಲ್ಲ. ಬಿಪಿ ನೋಡಿದ ಮಾತ್ರಕ್ಕೆ ಲಕ್ವ ತಪ್ಪದು. ಕಾಯಿಲೆ ಗೊತ್ತಾದವರಿಗೆ ತಿಂಗಳು ತಿಂಗಳು ಗುಳಿಗೆ ಸಿಗಬೇಕು, ಅವರು ಅದನ್ನು ಬಿಡದೆ ನುಂಗಬೇಕು. ಹಾಗಾಗಿ ಶ್ರಮದಲ್ಲಿ ಅರ್ಧವನ್ನು ಕ್ಯಾಂಪಿನ ನಂತರದ ಮೂವತ್ತು ದಿನಕ್ಕೆ ತೆಗೆದಿಡಿ. ಆಶಾ ಕಾರ್ಯಕರ್ತೆಯರು, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗಳು, ಅವರ ಜೊತೆ ಕೈಜೋಡಿಸುವ ಪಂಚಾಯಿತಿ ಸದಸ್ಯರು ಮತ್ತು ಯುವಕ ಸಂಘದವರು ಬಳಸಿಕೊಳ್ಳಲೆಂದು ಇದನ್ನು ಬರೆದಿದೆ.

ದಿನ, ಹೊತ್ತು, ಲೆಕ್ಕ

ಗುರುವಾರ ಬೇಡ. ಅಂದು ಲಸಿಕೆ ದಿನ, ಆಶಾ ಮತ್ತು ಸಿಸ್ಟರ್ ಇಬ್ಬರೂ ಅಂಗನವಾಡಿಯಲ್ಲಿ ಇರುತ್ತಾರೆ. ಸಂತೆಯ ದಿನವೂ ಬೇಡ. ಅಕ್ಟೋಬರಿನಿಂದ ಜನವರಿಯವರೆಗೆ ಹತ್ತಿ ಬಿಡಿಸುವ ಕೆಲಸ; ಹೆಣ್ಣುಮಕ್ಕಳು ಬೆಳಗಾಗುತ್ತಲೇ ಟಂಟಂ ಹತ್ತಿದರೆ ವಾಪಸು ಬರುವುದು ಸಂಜೆಗೇ. ಸಿಂಧನೂರು, ಮಾನ್ವಿ ಕಡೆಯ ಕಾಲುವೆ ಊರುಗಳಲ್ಲಿ ಭತ್ತದ ನಾಟಿ ಶುರುವಾದಾಗಲೂ ಇದೇ ಪರಿಸ್ಥಿತಿ. ಹನ್ನೊಂದು ಗಂಟೆಗೆ ಕ್ಯಾಂಪ್ ಇಟ್ಟರೆ ಬರುವವರು ಮುದುಕರು ಮಾತ್ರ, ದುಡಿಯುವ ವಯಸ್ಸಿನವರು ತಪ್ಪಿಹೋಗುತ್ತಾರೆ. ಬೆಳಿಗ್ಗೆ 6ರಿಂದ 9 ಅಥವಾ ಸಂಜೆ 5.30ರ ನಂತರದ ಹೊತ್ತು ಒಳ್ಳೆಯದು. ಹಿಂದಿನ ಸಂಜೆ ಓಣಿ ಓಣಿಗೆ ಡಂಗುರ ಸಾರಿಸಿ; ವಾಟ್ಸಾಪ್ ಸಂದೇಶ ಮನೆಯ ಅಜ್ಜಿಗೆ ಮುಟ್ಟುವುದಿಲ್ಲ.

ಸರ್ಕಾರದ ಕಾರ್ಯಕ್ರಮ ನೋಡುವುದು 30 ದಾಟಿದವರನ್ನು. ಸಾವಿರ ಜನಸಂಖ್ಯೆಗೆ ಅಂಥವರು ಸುಮಾರು 370 ಎಂದು ಲೆಕ್ಕ ಹಿಡಿಯುತ್ತಾರೆ. ಒಬ್ಬರ ಬಿಪಿಯನ್ನು ಎರಡು ಸಲ ನೋಡಿ ಬರೆದುಕೊಳ್ಳಲು ಐದು ನಿಮಿಷ ಬೇಕು, ಅಂದರೆ ಒಂದು ಯಂತ್ರಕ್ಕೆ ಗಂಟೆಗೆ 12 ಜನ. ಎರಡು ಯಂತ್ರ, ಮೂರು ಗಂಟೆ ಎಂದರೆ 72 ಜನ. ಇಡೀ ಊರು ಮುಗಿಯಲು ಐದಾರು ಬೆಳಗು ಬೇಕೇ ಬೇಕು. ಒಂದೇ ದಿನದಲ್ಲಿ ಮುಗಿಸಲು ಹೊರಟರೆ ಮೊದಲು ಕೈಬಿಡುವುದು ಕೂತು ದಣಿವಾರಿಸಿಕೊಳ್ಳುವ ಐದು ನಿಮಿಷವನ್ನು. ಅಲ್ಲಿಂದ ಎಲ್ಲ ಅಂಕಿಯೂ ಸುಳ್ಳಾಗುತ್ತದೆ. ಓಣಿಗೊಂದು ಬೆಳಗು ಎಂದು ಹಂಚಿಕೊಳ್ಳಿ. ಬರದಿದ್ದವರ ಮನೆಗೆ ಹೋಗಿ ನೋಡಿ. 2024ರಲ್ಲಿ ಕೋಲಾರದಲ್ಲಿ ಶುರುವಾದ ರಾಜ್ಯದ ಗೃಹ ಆರೋಗ್ಯ ಯೋಜನೆಯೂ ಮನೆ ಬಾಗಿಲಿಗೇ ಹೋಗುತ್ತದೆ.

ಬಿಪಿ ನೋಡುವಾಗ

ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರ ತನ್ನಿ, ಮಣಿಕಟ್ಟಿನದು ಬೇಡ. ತೋಳಿಗೆ ಸುತ್ತುವ ಪಟ್ಟಿಯ (ಕಫ್) ಅಳತೆಯಲ್ಲಿ ಎಲ್ಲರೂ ಎಡವುತ್ತಾರೆ. ಸಾಮಾನ್ಯ ಪಟ್ಟಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ. ಕೂಲಿ ಮಾಡಿ ಸೊರಗಿದ ತೋಳಿಗೆ ಅದು ದೊಡ್ಡದಾಗಿ ಅಂಕಿ ಕಡಿಮೆ ತೋರಿಸುತ್ತದೆ. ದಪ್ಪ ತೋಳಿಗೆ ಚಿಕ್ಕದಾಗಿ ಹೆಚ್ಚು ತೋರಿಸುತ್ತದೆ. ದರ್ಜಿಯ ಟೇಪ್ ಒಂದು, ಸಣ್ಣ ಪಟ್ಟಿ ಒಂದು, ದೊಡ್ಡ ಪಟ್ಟಿ ಒಂದು ಚೀಲದಲ್ಲಿರಲಿ. ಜೊತೆಗೆ ಹೊಸ ಶೆಲ್ಲುಗಳು.

ಬಂದವರನ್ನು ನೇರ ಯಂತ್ರದ ಮುಂದೆ ಕೂಡಿಸಬೇಡಿ. ಕಾಯುವ ಸಾಲಿನಲ್ಲಿ ಬೆನ್ನಿಗೆ ಆಸರೆಯಿರುವ ಐದಾರು ಕುರ್ಚಿ ಹಾಕಿ ಐದು ನಿಮಿಷ ಸುಮ್ಮನೆ ಕೂಡಿಸಿ. ನಮ್ಮ ಜನರಿಗೆ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡುವುದೇ ರೂಢಿ. ಆದರೆ ಕಾಲು ಮಡಚಿದರೆ, ಕಾಲ ಮೇಲೆ ಕಾಲು ಹಾಕಿದರೆ ಬಿಪಿ ಏರುತ್ತದೆ. ಪಾದ ನೆಲದ ಮೇಲೆ ಊರಿರಲಿ, ಕೈ ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಮೂತ್ರಕ್ಕೆ ಅವಸರವಿದ್ದವರು ಹೋಗಿ ಬರಲಿ. ಕಳೆದ ಅರ್ಧ ಗಂಟೆಯಲ್ಲಿ ಚಹಾ ಕುಡಿದಿದ್ದರೆ, ಬೀಡಿ ಸೇದಿದ್ದರೆ, ತಂಬಾಕು ಅಥವಾ ಗುಟ್ಕಾ ಹಾಕಿದ್ದರೆ ಬಾಯಿ ತೊಳೆಸಿ ಮತ್ತೆ ಅರ್ಧ ಗಂಟೆ ಕಾಯಿಸಿ. ಗುಟ್ಕಾ ಬಗ್ಗೆ ನೇರವಾಗಿ ಕೇಳಿ, ತಾವಾಗಿ ಯಾರೂ ಹೇಳುವುದಿಲ್ಲ.

ಬಿಗಿ ತೋಳಿನ ಅಂಗಿ, ಕುಪ್ಪಸವನ್ನು ಮೇಲೆ ಮಡಚಿ ಅದರ ಕೆಳಗೆ ಪಟ್ಟಿ ಕಟ್ಟಿದರೆ ಮಡಿಕೆಯೇ ತೋಳನ್ನು ಹಿಂಡುತ್ತದೆ. ಒಂದು ಪರದೆ ಕಟ್ಟಿದರೆ ಹೆಣ್ಣುಮಕ್ಕಳು ಸಂಕೋಚವಿಲ್ಲದೆ ತೋಳು ಬಿಡಿಸಿಕೊಳ್ಳುತ್ತಾರೆ. ಯಂತ್ರ ನಡೆಯುವಾಗ ಅವರೂ ನೀವೂ ಮಾತಾಡಬೇಡಿ. ಒಂದೆರಡು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡೂ ಅಂಕಿ ಬರೆಯಿರಿ. ಎಲ್ಲರದೂ 120, 130 ಎಂದು ಸೊನ್ನೆಗೆ ಮುಗಿಯುವ ಅಂಕಿಗಳೇ ಪಟ್ಟಿಯಲ್ಲಿ ತುಂಬಿದ್ದರೆ ಯಾರೋ ಅಂದಾಜಿನಲ್ಲಿ ಬರೆದಿದ್ದಾರೆ ಎಂದೇ ತಿಳಿಯಿರಿ.

ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇನ್ನೊಂದು ದಿನ ನೋಡಿಸಬೇಕು. ಕಾಯಿಲೆ ಎಂದು ನಿರ್ಧರಿಸುವುದು ವೈದ್ಯರ ಕೆಲಸ, ಅದಕ್ಕೆ ಮೊದಲೇ "ನಿಮಗ ಬಿಪಿ ಐತಿ" ಎಂದು ಹೆದರಿಸಬೇಡಿ. 180 ಅಥವಾ 110 ದಾಟಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ಅದರ ಜೊತೆ ಎದೆನೋವು, ಏದುಸಿರು, ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು ಇದ್ದರೆ ಕೂಡಲೇ 108 ಕರೆಯಿರಿ. ಬಿಪಿ ತಟ್ಟನೆ ಇಳಿಯಲೆಂದು ನಾಲಗೆಯ ಕೆಳಗೆ ಯಾವ ಗುಳಿಗೆಯನ್ನೂ ಇಡಬೇಡಿ; ಒಮ್ಮೆಲೇ ಕುಸಿದರೆ ಮೆದುಳಿಗೆ ರಕ್ತ ಸಾಲದೆ ಅನಾಹುತವಾಗುತ್ತದೆ.

ಬಾಯಿ ಸೊಟ್ಟಗಾಗಿದ್ದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಲಕ್ವ. ಅಂಕಿ ಎಷ್ಟೇ ಇರಲಿ, ಅದು ಶುರುವಾದ ಗಂಟೆಯನ್ನು ಚೀಟಿಯ ಮೇಲೆ ಬರೆದು ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕಳಿಸಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ಗಂಟೆ ಮಾತ್ರ ಅವಕಾಶ. ಲಕ್ವಕ್ಕೆ ನಾಟಿ ಔಷಧಿ ಕೊಡುವ ಊರಿಗೆ ಮೊದಲು ಹೋಗಿ, ಮೂರನೇ ದಿನಕ್ಕೆ ಆಸ್ಪತ್ರೆಗೆ ಬರುವವರು ಈಗಲೂ ಇದ್ದಾರೆ. ಈ ನಾಲ್ಕೂವರೆ ಗಂಟೆಯ ಮಾತನ್ನು ಕ್ಯಾಂಪಿನಲ್ಲಿ ಪ್ರತಿ ಮನೆಯವರಿಗೂ ಹೇಳಿ ಕಳಿಸಿ.

ಶುಗರ್ ಪಟ್ಟಿ ಮತ್ತು ನಮ್ಮ ಬಿಸಿಲು

ಶುಗರ್ ನೋಡುವ ಯಂತ್ರವಾದ ಗ್ಲುಕೋಮೀಟರಿನ ಪಟ್ಟಿಗಳು (ಸ್ಟ್ರಿಪ್) ಸಾಮಾನ್ಯವಾಗಿ 30 ಡಿಗ್ರಿವರೆಗೆ ಸುರಕ್ಷಿತ. ಡಬ್ಬಿಯ ಮೇಲೆಯೇ ಬರೆದಿರುತ್ತದೆ. ಏಪ್ರಿಲ್, ಮೇನಲ್ಲಿ ರಾಯಚೂರಿನ ನೆರಳೇ 40 ದಾಟುತ್ತದೆ. ಬೈಕಿನ ಡಿಕ್ಕಿಯಲ್ಲಿ, ಜೀಪಿನ ಗಾಜಿನ ಹಿಂದೆ ಇಟ್ಟ ಡಬ್ಬಿ ಕೆಟ್ಟಿರುತ್ತದೆ, ಆದರೂ ಯಂತ್ರ ಒಂದು ಅಂಕಿ ತೋರಿಸಿಯೇ ತೋರಿಸುತ್ತದೆ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇಟ್ಟು ನೆರಳಲ್ಲಿ ಒಯ್ಯಿರಿ. ಐಸ್ ಹಾಕಬೇಡಿ, ತೇವ ತಾಗಿದರೂ ಪಟ್ಟಿ ಹಾಳು. ಒಂದು ಪಟ್ಟಿ ತೆಗೆದ ಕೂಡಲೇ ಮುಚ್ಚಳ ಬಿಗಿಯಾಗಿ ಹಾಕಿ, ಡಬ್ಬಿ ತೆರೆದ ತಾರೀಖು ಅದರ ಮೇಲೆ ಬರೆಯಿರಿ. ಬೆಳಿಗ್ಗೆ ಕೆಲಸ ಶುರು ಮಾಡುವ ಮುನ್ನ ಕಂಟ್ರೋಲ್ ದ್ರಾವಣದಿಂದ (ಎಷ್ಟು ಶುಗರ್ ಇದೆ ಎಂದು ಮೊದಲೇ ಗೊತ್ತಿರುವ ದ್ರಾವಣ) ಒಮ್ಮೆ ಪರೀಕ್ಷಿಸಿ.

ಬೆರಳನ್ನು ಸೋಪಿನಿಂದ ತೊಳೆಸಿ ಒರೆಸಿ. ಬೆಲ್ಲ ಮುಟ್ಟಿದ, ಹಣ್ಣು ಬಿಡಿಸಿದ ಕೈಯಾದರೆ ಇಲ್ಲದ ಶುಗರ್ ತೋರಿಸುತ್ತದೆ. ಸ್ಪಿರಿಟ್ ಹಚ್ಚಿದರೆ ಪೂರ್ತಿ ಆರಲಿ. ಹೊಲದ ಕೆಲಸದ ಕೈಬೆರಳು ಜಡ್ಡುಗಟ್ಟಿರುತ್ತದೆ; ಉಂಗುರ ಬೆರಳಿನ ತುದಿಯ ಪಕ್ಕಕ್ಕೆ ಚುಚ್ಚಿ, ಮೊದಲು ಕೈಯನ್ನು ಒಂದು ನಿಮಿಷ ಕೆಳಗೆ ಇಳಿಬಿಡಿಸಿ. ರಕ್ತ ಬರಲಿಲ್ಲವೆಂದು ಹಿಂಡಿದರೆ ನೀರಿನಂಶ ಬೆರೆತು ಅಂಕಿ ತಪ್ಪುತ್ತದೆ. ಮೊದಲ ಹನಿ ಒರೆಸಿ, ಎರಡನೆಯದನ್ನು ಪಟ್ಟಿಗೆ ತಾಗಿಸಿ. ಒಬ್ಬರಿಗೆ ಒಂದೇ ಸೂಜಿ, ಗಂಡ ಹೆಂಡತಿಯಾದರೂ ಬೇರೆ ಬೇರೆ. ಸೂಜಿ ಬಿಳಿಯ ಗಟ್ಟಿ ಡಬ್ಬಿಗೆ, ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ. ಎರಡನ್ನೂ ಆಸ್ಪತ್ರೆಗೆ ವಾಪಸು ಒಯ್ಯಬೇಕು, ಊರ ತಿಪ್ಪೆಗೆ ಹಾಕುವಂತಿಲ್ಲ.

ಊಟ ಯಾವಾಗ ಆಗಿತ್ತು ಎಂದು ಕೇಳಿ ಬರೆಯಿರಿ. ಯಾವ ಹೊತ್ತಿನಲ್ಲಿ ನೋಡಿದ್ದಾದರೂ ಸರಿ, ಅಂಕಿ 140 ದಾಟಿದ್ದರೆ ಆರೋಗ್ಯ ಕೇಂದ್ರದಲ್ಲಿ ಬರಿಹೊಟ್ಟೆಯದು ಮತ್ತು ಊಟವಾದ ಎರಡು ಗಂಟೆಯದು ಎರಡನ್ನೂ ಮಾಡಿಸಬೇಕು. ಬರಿಹೊಟ್ಟೆಯಲ್ಲಿ 126 ಅಥವಾ ಎರಡು ಗಂಟೆಯಲ್ಲಿ 200 ಮುಟ್ಟಿದರೆ ಸಕ್ಕರೆ ಕಾಯಿಲೆ ಎಂದು ವೈದ್ಯರು ಪರಿಗಣಿಸುತ್ತಾರೆ. ರಕ್ತಹೀನತೆ ಹೆಚ್ಚಿರುವ ಹೆಣ್ಣುಮಕ್ಕಳಲ್ಲಿ ಗ್ಲುಕೋಮೀಟರ್ ತುಸು ಹೆಚ್ಚು ತೋರಿಸಬಹುದು. ಅಂಥವರಿಗೆ ಲ್ಯಾಬಿನ ಪರೀಕ್ಷೆ ತಪ್ಪಿಸಬೇಡಿ.

ಪಟ್ಟಿ ಬರೆಯುವುದು

ಒಂದೇ ಊರಲ್ಲಿ ಹತ್ತು ಹುಲಿಗೆಮ್ಮ, ಹದಿನೈದು ಅಮರೇಶ ಸಿಗುತ್ತಾರೆ. ಹೆಸರಿನ ಜೊತೆ ಗಂಡನ ಅಥವಾ ತಂದೆಯ ಹೆಸರು, ಓಣಿ, ಮನೆಯ ಗುರುತು ಇರಲಿ. ಫೋನ್ ನಂಬರ್ ಯಾರದು ಎಂಬುದೂ ಇರಲಿ. ಮಗನ ಫೋನ್ ಮಗನ ಜೊತೆ ಬೆಂಗಳೂರಲ್ಲಿ ಇರುತ್ತದೆ. ಎರಡೂ ಬಿಪಿ ಅಂಕಿ, ಶುಗರ್, ಈಗ ಗುಳಿಗೆ ಎಲ್ಲಿಂದ ತರುತ್ತಾರೆ, ಮುಂದಿನ ತಾರೀಖು. ಇದಲ್ಲದೆ ನಮ್ಮ ಸೀಮೆಗೆಂದೇ ಪಟ್ಟಿಯಲ್ಲಿ ಒಂದು ಕಾಲಂ ಹೆಚ್ಚು ಎಳೆಯಿರಿ: ಗುಳೆ ಯಾವ ತಿಂಗಳು, ಯಾವ ಊರಿಗೆ, ಮೇಸ್ತ್ರಿಯ ನಂಬರ್. ಈ ಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸುವುದು, ಗುಂಪಿಗೆ ಫೋಟೋ ಹಾಕುವುದು ಬೇಡವೇ ಬೇಡ. ಮದುವೆಗೆ ಬಂದ ಮಗಳಿರುವ ಮನೆಗೆ ಅದರಿಂದ ಆಗುವ ನೋವು ದೊಡ್ಡದು.

ಮೂವತ್ತು ದಿನದಲ್ಲಿ

ಏಳನೇ ದಿನ ಮನೆಗೆ ಹೋಗಿ: ಆರೋಗ್ಯ ಕೇಂದ್ರಕ್ಕೆ ಹೋಗಿದ್ದರೇ? ಹೋಗದಿದ್ದರೆ ಕೂಲಿ ತಪ್ಪುತ್ತದೆ ಎಂಬುದೇ ಬಹುಪಾಲು ಕಾರಣ. ಸಮುದಾಯ ಆರೋಗ್ಯ ಅಧಿಕಾರಿಯವರು ಉಪಕೇಂದ್ರದಿಂದಲೇ ಇ-ಸಂಜೀವನಿ (ಸರ್ಕಾರದ ಆನ್‌ಲೈನ್ ವೈದ್ಯರ ಸಲಹೆ) ಮೂಲಕ ವೈದ್ಯರ ಜೊತೆ ಮಾತಾಡಿಸಬಹುದು, ಒಂದು ದಿನದ ಕೂಲಿ ಉಳಿಯುತ್ತದೆ.

ಹದಿನೈದನೇ ದಿನ "ಗುಳಿಗಿ ತಗೊಳ್ಳಾಕತ್ತೀರೇನ್ರಿ ಅಜ್ಜಾ?" ಎಂದು ಕೇಳಿದರೆ ಹೂಂ ಎಂದೇ ಅನ್ನುತ್ತಾರೆ. ಉಳಿದ ಗುಳಿಗೆ ತೆಗೆಸಿ ಎಣಿಸಿ. ದಿನಕ್ಕೊಂದರಂತೆ ಮೂವತ್ತು ಕೊಟ್ಟಿದ್ದರೆ ಹದಿನೈದು ಉಳಿದಿರಬೇಕು. ಹೆಚ್ಚು ಉಳಿದಿದ್ದರೆ ಗದರಬೇಡಿ, ಕಾರಣ ಕೇಳಿ. ಅಮ್ಲೋಡಿಪಿನ್ ಎಂಬ ಬಿಪಿ ಗುಳಿಗೆ ನುಂಗುವವರು ಪಾದ ಬಾತು ಹೆದರಿರುತ್ತಾರೆ. ಮೆಟ್‌ಫಾರ್ಮಿನ್ ಎಂಬ ಶುಗರ್ ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ನುಂಗಿ ಹೊಟ್ಟೆ ಕೆಟ್ಟಿರುತ್ತದೆ, ಊಟದ ಜೊತೆ ತೆಗೆದುಕೊಂಡರೆ ಬಹುಮಟ್ಟಿಗೆ ಸರಿಹೋಗುತ್ತದೆ. ಪಾದ ಬಾತವರನ್ನು ವೈದ್ಯರಿಗೆ ತೋರಿಸಿ, ಗುಳಿಗೆ ಬದಲಿಸಿಕೊಡುತ್ತಾರೆ. "ಈಗ ಆರಾಮ ಐತಿ, ಬಿಟ್ಟೀನಿ" ಎನ್ನುವವರಿಗೆ, ಆರಾಮ ಇರುವುದು ಗುಳಿಗೆಯಿಂದಲೇ ಎಂದು ಅವರ ಹಳೆಯ ಅಂಕಿ, ಹೊಸ ಅಂಕಿ ಅಕ್ಕಪಕ್ಕ ಇಟ್ಟು ತೋರಿಸಿ.

ಉಪ್ಪಿನ ಮಾತು ಇದೇ ಭೇಟಿಯಲ್ಲಿ ಆಗಲಿ. ಜೋಳದ ರೊಟ್ಟಿಯಲ್ಲಿ ಉಪ್ಪಿಲ್ಲ. ಉಪ್ಪು ಹೊಟ್ಟೆ ಸೇರುವುದು ಕೆಂಪು ಹಿಂಡಿ (ಮೆಣಸಿನಕಾಯಿ ಚಟ್ನಿ), ಉಪ್ಪಿನಕಾಯಿ, ಹಪ್ಪಳ, ಮಿರ್ಚಿಯಿಂದ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಮಿತಿ. ಐದು ಜನರ ಮನೆಯಲ್ಲಿ ಒಂದು ಕಿಲೋ ಪೊಟ್ಟಣ 40 ದಿನ ಬರಬೇಕು. ಇಪ್ಪತ್ತು ದಿನಕ್ಕೇ ಖಾಲಿಯಾದರೆ ಎರಡು ಪಟ್ಟು ತಿನ್ನುತ್ತಿದ್ದಾರೆ. ಗ್ರಾಮಿನ ಲೆಕ್ಕಕ್ಕಿಂತ ಈ ಪೊಟ್ಟಣದ ಲೆಕ್ಕ ಅಡುಗೆ ಮಾಡುವ ಅವ್ವಂದಿರಿಗೆ ಬೇಗ ತಿಳಿಯುತ್ತದೆ.

ಶುಗರ್ ಇಳಿಸುವ ಗ್ಲಿಮೆಪಿರೈಡ್ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರ ಹೆಸರಿಗೆ ಕೆಂಪು ಗುರುತು ಹಾಕಿ. ಗುಳಿಗೆ ನುಂಗಿ ಉಣ್ಣದೆ ಹೊಲಕ್ಕೆ ಹೋದರೆ, ಶ್ರಾವಣ ಸೋಮವಾರದ ಒಪ್ಪತ್ತು, ರಂಜಾನಿನ ರೋಜಾ ಹಿಡಿದರೆ ಶುಗರ್ ಕುಸಿಯುತ್ತದೆ. ಬೆವರು, ಕೈ ನಡುಕ, ತೊದಲು ಮಾತು ಕಂಡು ಬಿಸಿಲು ಬಡಿಯಿತು, ಕುಡಿದಿದ್ದಾನೆ, ಮೈಮೇಲೆ ದೇವರು ಬಂತು ಎಂದುಕೊಳ್ಳುತ್ತಾರೆ. ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ನೋಡಿ, ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಿ, ನಂತರ ರೊಟ್ಟಿ ತಿನ್ನಿಸಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಪಕ್ಕಕ್ಕೆ ಮಲಗಿಸಿ 108 ಕರೆಯಿರಿ. ಉಪವಾಸದ ತಿಂಗಳಿಗೆ ಮೊದಲೇ ವೈದ್ಯರಿಂದ ಗುಳಿಗೆಯ ಹೊತ್ತು, ಪ್ರಮಾಣ ಬದಲಿಸಿಕೊಳ್ಳಲಿ.

ಶುಗರ್ ಇದ್ದವರ ಪಾದ ನೋಡದೆ ಮನೆಯಿಂದ ಹೊರಡಬೇಡಿ. ಹತ್ತಿ ಕಟ್ಟಿಗೆಯ ಮೊನೆ, ಜಾಲಿ ಮುಳ್ಳು ಚುಚ್ಚಿದ್ದು ಜೋಮು ಹಿಡಿದ ಪಾದಕ್ಕೆ ಗೊತ್ತೇ ಆಗುವುದಿಲ್ಲ. ಕಣ್ಣು ಮುಚ್ಚಿಸಿ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ನಿಮ್ಮ ಬೆರಳಿಂದ ಹಗುರವಾಗಿ ಒಂದೆರಡು ಕ್ಷಣ ಮುಟ್ಟಿ. ಒತ್ತಬೇಡಿ. ಆರರಲ್ಲಿ ಎರಡು ಕಡೆ ತಿಳಿಯದಿದ್ದರೆ ತಾಲೂಕು ಆಸ್ಪತ್ರೆಗೆ ಕಳಿಸಿ, ಚಪ್ಪಲಿಯಿಲ್ಲದೆ ಹೊಲಕ್ಕೆ ಇಳಿಯದಂತೆ ಮನೆಯವರಿಗೂ ಹೇಳಿ.

ಗುಳೆ ಹೋಗುವವರ ಕೆಲಸ ಟಂಟಂ ಹೊರಡುವ ಮುನ್ನ ಮುಗಿಯಬೇಕು. ಎರಡು ಮೂರು ತಿಂಗಳ ಗುಳಿಗೆ ಕೊಡಬಹುದೇ ಎಂದು ವೈದ್ಯಾಧಿಕಾರಿಗಳನ್ನು ಮೊದಲೇ ಕೇಳಿ. ಗುಳಿಗೆಯ ಹೆಸರು, ಪ್ರಮಾಣ, ಕೊನೆಯ ಅಂಕಿ ಬರೆದ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೊಡಿ. ಬೆಂಗಳೂರಲ್ಲಾದರೆ ವಾರ್ಡಿನಲ್ಲಿ ಸರ್ಕಾರ ನಡೆಸುವ ನಮ್ಮ ಕ್ಲಿನಿಕ್‌ನಲ್ಲಿ ಈ ಕಾರ್ಡ್ ತೋರಿಸಲಿ. ಮುಂಗಾರು ಬಿತ್ತನೆಗೆ ಅವರು ಊರಿಗೆ ಮರಳಿದ ವಾರದಲ್ಲೇ ಅದೇ ಪಟ್ಟಿ ಹಿಡಿದು ಮತ್ತೆ ಬಿಪಿ, ಶುಗರ್ ನೋಡಿ, ಹಳೆಯ ಅಂಕಿಯ ಪಕ್ಕದ ಕಾಲಂನಲ್ಲೇ ಹೊಸದನ್ನು ಬರೆಯಿರಿ.